ಬೇಟೆಯವರ ಚೀಲ, ಬೆನ್ನ ಮೇಲಿನ ನೀರು

ನನ್ನ ಬೆನ್ನುಚೀಲದ ಮೇಲ್ಭಾಗದಲ್ಲಿ, ಎಡಭುಜದ ಪಟ್ಟಿಯು ಹೊಲಿಗೆಗೆ ಸೇರುವಲ್ಲಿ, ಹೆಬ್ಬೆರಳು ಹೊಗುವಷ್ಟು ದೊಡ್ಡದೊಂದು ತೂತು ಇದೆ. ಅದರ ಅಂಚಿಗೆ ರಬ್ಬರಿನ ತುಟಿ ಕೂರಿಸಿದ್ದಾರೆ. ಒಳಗೆ, ಬೆನ್ನಿಗೆ ತಾಗುವ ಬದಿಯಲ್ಲಿ, ಬಟ್ಟೆಯ ಒಂದು ಉದ್ದನೆಯ ಕಿಸೆಯೂ ಅದರ ನೆತ್ತಿಯಲ್ಲಿ ಒಂದು ಪುಟ್ಟ ಕೊಕ್ಕೆಯೂ ಇವೆ. ಚೀಲ ಕೈಗೆ ಬಂದ ಮೇಲೆ ಸುಮಾರು ಆರು ತಿಂಗಳ ಕಾಲ ನಾನು ಆ ಕಿಸೆಯಲ್ಲಿ ಕೊಡೆಯನ್ನೂ, ಹಳೆಯ ಉದಯವಾಣಿಯ ಹಾಳೆಯಲ್ಲಿ ಸುತ್ತಿದ ಒದ್ದೆ ಚಪ್ಪಲಿಯನ್ನೂ ಇಟ್ಟುಕೊಂಡು ತಿರುಗಿದ್ದೆ. ತೂತು ಇಯರ್‌ಫೋನಿನ ವಯರಿಗಾಗಿ ಮಾಡಿದ್ದೆಂದು ನಂಬಿದ್ದೆ. ಅದು ನೀರು ಕುಡಿಯುವ ನಳಿಕೆಗೆ ಬಿಟ್ಟ ದಾರಿ ಎಂಬುದು ತಿಳಿದದ್ದು ಫೋನಿನಲ್ಲಿ ಭಾವ ಬಿದ್ದು ಬಿದ್ದು ನಕ್ಕಾಗ.

ಚೀಲ ಅವರದೇ. ಅಕ್ಕನೂ ಭಾವನೂ ಬಹಳ ವರ್ಷಗಳಿಂದ ಅಮೆರಿಕದ ಕೊಲೊರಾಡೊದಲ್ಲಿದ್ದಾರೆ. ಅಲ್ಲಿ ಪರವಾನಗಿ ಪಡೆದು, ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ ಋತುವಿನಲ್ಲಿ, ಎಲ್ಕ್ ಎಂಬ, ನಮ್ಮ ಕಡವೆಯ ಬಳಗಕ್ಕೆ ಸೇರಿದ ಆದರೆ ಅದಕ್ಕಿಂತಲೂ ದೊಡ್ಡದಾದ ಜಿಂಕೆಯ ಬೇಟೆಗೆ ಹೋಗುವುದು ಅವರಿಗೆ ಅಂಟಿಕೊಂಡ ಹವ್ಯಾಸ. ಉಡುಪಿ ಬಳಿಯ ಪರ್ಕಳದ ಹೊಸ ಮನೆಯ ಒಕ್ಕಲಿಗೆ ಬಂದವರು ಮರಳುವಾಗ ಸಾಮಾನು ಹೆಚ್ಚಾಗಿ ಈ ಚೀಲವನ್ನು ನನ್ನ ಪಾಲಿಗೆ ಬಿಟ್ಟುಹೋದರು. ನಮ್ಮ ಊರಿಗೆ ಬೇಟೆ ಅಪರಿಚಿತವೇನಲ್ಲ. ತುಳುನಾಡಿನ ಭೂಮಿಪೂಜೆಯ ಹಬ್ಬವಾದ ಕೆಡ್ಡಸದ ದಿನಗಳಲ್ಲಿ ಊರ ಗಂಡಸರು ಬೇಟೆಗೆ ಹೋಗುತ್ತಿದ್ದ ಕಾಲವನ್ನು ನನ್ನ ಅಜ್ಜ ಕಂಡಿದ್ದರು. ಬೆಳೆ ರಕ್ಷಣೆಯ ಲೈಸನ್ಸಿನ ಕೋವಿ ಇಂದಿಗೂ ಉಡುಪಿ, ದಕ್ಷಿಣ ಕನ್ನಡ ಎಂಬ ನಮ್ಮ ಎರಡು ಜಿಲ್ಲೆಗಳ ಎಷ್ಟೋ ಕೃಷಿಕರ ಮನೆಗಳಲ್ಲಿದೆ, ಮತ್ತು ಚುನಾವಣೆ ಘೋಷಣೆಯಾದೊಡನೆ ಅದನ್ನು ಠಾಣೆಯಲ್ಲಿ ಠೇವಣಿ ಇಟ್ಟು ಬರುವ ಗೋಳನ್ನು ಪ್ರತಿಸಲವೂ ಕೇಳುತ್ತೇವೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನಂತರ ಕಾಡಿನ ಬೇಟೆ ಇಲ್ಲಿ ಅಪರಾಧ. ಆದ್ದರಿಂದ ಬೇಟೆಗೆಂದು ಹೊಲಿದ ಈ ಚೀಲ ನನ್ನ ಬೆನ್ನ ಮೇಲೆ ದುರ್ಬೀನನ್ನೂ ಕ್ಯಾಮೆರಾವನ್ನೂ ಹೊತ್ತು, ಸೋಮೇಶ್ವರದ ಕಾಡಿನಲ್ಲೋ ಕುದುರೆಮುಖದ ಹುಲ್ಲುಗಾವಲಿನಲ್ಲೋ ಹಕ್ಕಿ ನೋಡುವ ಕೆಲಸಕ್ಕೆ ಇಳಿದಿದೆ.

ಚೀಲದ ಬಗ್ಗೆ ಎರಡು ತಕರಾರುಗಳನ್ನು ಮೊದಲೇ ಹೇಳಿಬಿಡುತ್ತೇನೆ. ಅದರ ಮೈಯೆಲ್ಲ ಒಣಗಿದ ಎಲೆ ಮತ್ತು ತೊಗಟೆಯ ಚಿತ್ರ. ನಕ್ಸಲ್ ನಿಗ್ರಹ ಪಡೆ ವರ್ಷಗಟ್ಟಲೆ ಓಡಾಡಿದ ಹೆಬ್ರಿ, ಕಬ್ಬಿನಾಲೆಯ ಕಡೆಯಲ್ಲಿ ಅಂಥ ಬಣ್ಣದ ಚೀಲ ಹೊತ್ತು ನಡೆಯುವವನನ್ನು ಯಾರಾದರೂ ನಿಲ್ಲಿಸಿ ವಿಚಾರಿಸದಿದ್ದರೆ ಆಶ್ಚರ್ಯ. ನನ್ನನ್ನೂ ಒಂದು ತಪಾಸಣೆಯಲ್ಲಿ ಮರ್ಯಾದೆಯಿಂದಲೇ, ಆದರೆ ಬಹಳ ಹೊತ್ತು, ವಿಚಾರಿಸಿದರು. ಅಂದಿನಿಂದ ಮಳೆ ಇರಲಿ ಇಲ್ಲದಿರಲಿ, ನೀಲಿಯ ಮಳೆಗವಸನ್ನು ಅದಕ್ಕೆ ತೊಡಿಸಿಯೇ ಹೊರಡುತ್ತೇನೆ. ಇನ್ನೊಂದು, ತೂಕ. ಮಾಂಸ ಹೊರಲೆಂದು ಬೆನ್ನಿಗೆ ಗಟ್ಟಿ ಚೌಕಟ್ಟು ಇಟ್ಟಿರುವ ಕಾರಣ ಖಾಲಿ ಚೀಲವೇ ಎರಡೂವರೆ ಕಿಲೋ ತೂಗುತ್ತದೆ.

ಭಾವ ನಕ್ಕ ಮರುವಾರವೇ ಎರಡು ಲೀಟರ್ ಹಿಡಿಯುವ ಒಂದು ನೀರಿನ ಬ್ಲ್ಯಾಡರ್ ತರಿಸಿದೆ. ಕನ್ನಡದಲ್ಲಿ ಅದನ್ನು ನೀರಿನ ಚೀಲ ಎನ್ನಬಹುದಾದರೂ ಚೀಲದೊಳಗಿನ ಚೀಲ ಎಂದು ಪದೇ ಪದೇ ಬರೆಯುವುದು ಗೊಂದಲಕ್ಕೆ ದಾರಿಯಾದ್ದರಿಂದ ಬ್ಲ್ಯಾಡರ್ ಎಂದೇ ಬರೆಯುತ್ತೇನೆ. ಪಾರದರ್ಶಕ ಮೆತ್ತನೆಯ ಪ್ಲಾಸ್ಟಿಕ್‌ನ ಸಂಚಿ, ಮೇಲೆ ಅಗಲವಾದ ಬಾಯಿ, ತಳದಿಂದ ಹೊರಟ ಸುಮಾರು ಒಂದು ಮೀಟರ್ ಉದ್ದದ ನಳಿಕೆ, ಅದರ ತುದಿಯಲ್ಲಿ ಹಲ್ಲಿನಿಂದ ಕಚ್ಚಿದರೆ ತೆರೆದುಕೊಂಡು ಬಿಟ್ಟರೆ ಮುಚ್ಚಿಕೊಳ್ಳುವ ಸಿಲಿಕೋನ್ ವಾಲ್ವ್: ಇಷ್ಟೇ ಅದರ ಸ್ವರೂಪ. ಅಡುಗೆಮನೆಯಲ್ಲಿ ಅದನ್ನು ತುಂಬಿಸಿ ಎತ್ತಿ ಹಿಡಿದಾಗ ನನ್ನ ಹೆಂಡತಿ, “ಇದೆಂಥದು ಮಾರಾಯ್ರೆ, ಆಸ್ಪತ್ರೆಯ ಗ್ಲುಕೋಸ್ ಬಾಟ್ಲಿಯ ಹಾಗೆ ಉಂಟಲ್ಲ?” ಎಂದಳು. ಅವಳ ಕಣ್ಣು ತಪ್ಪಲಿಲ್ಲ. 1980ರ ದಶಕದ ಕೊನೆಯಲ್ಲಿ ಟೆಕ್ಸಾಸ್‌ನ ವಿಚಿಟಾ ಫಾಲ್ಸ್‌ನಲ್ಲಿ, ಆಗಸ್ಟ್ ತಿಂಗಳ ಉರಿಯಲ್ಲಿ ನಡೆಯುವ ನೂರು ಮೈಲಿಯ ಸೈಕಲ್ ಓಟಕ್ಕೆ ಹೊರಟಿದ್ದ ಮೈಕೆಲ್ ಐಡ್ಸನ್ ಎಂಬವರು ತುರ್ತು ಚಿಕಿತ್ಸೆಯ ಸಿಬ್ಬಂದಿಯಾಗಿದ್ದರು; ಡ್ರಿಪ್ ಹಾಕುವ ಸಂಚಿಗೆ ನೀರು ತುಂಬಿ, ಅದನ್ನು ಉದ್ದನೆಯ ಕಾಲುಚೀಲದೊಳಗೆ ತೂರಿಸಿ, ಅಂಗಿಯ ಬೆನ್ನಿಗೆ ಹೊಲಿದುಕೊಂಡು, ನಳಿಕೆಯನ್ನು ಭುಜದ ಮೇಲಿಂದ ತಂದು ಕುಡಿಯುತ್ತಾ ಸೈಕಲ್ ತುಳಿದರು. ಕ್ಯಾಮೆಲ್‌ಬ್ಯಾಕ್ ಎಂಬ ಕಂಪೆನಿ ಹುಟ್ಟಿದ್ದು ಅಲ್ಲಿಂದ. ಸೈಕಲ್ಲಿನವರಿಂದ ಸೈನಿಕರಿಗೆ, ಚಾರಣಿಗರಿಗೆ, ಬೇಟೆಯವರಿಗೆ ಅದು ಹರಡಿತು. ಚರ್ಮದ ಪಖಾಲಿಯಲ್ಲಿ ನೀರು ಹೊತ್ತ, ಸೋರೆಬುರುಡೆಯಲ್ಲಿ ಕಳ್ಳು ಇಳಿಸಿದ ನಾಡಿನವರಿಗೆ ಮೆತ್ತನೆಯ ಸಂಚಿಯಾಗಲಿ ಹಗುರ ಬುರುಡೆಯಾಗಲಿ ಹೊಸದಲ್ಲ. ಹೊಸದು ಆ ನಳಿಕೆ ಮಾತ್ರ.

ನಳಿಕೆಯ ಬೆಲೆ ನಡೆಯುವಾಗ ತಿಳಿಯುತ್ತದೆ. ಬಾಟಲಿಯಾದರೆ ನಿಲ್ಲಬೇಕು, ಚೀಲ ಇಳಿಸಬೇಕು ಅಥವಾ ಪಕ್ಕದವರನ್ನು “ಸ್ವಲ್ಪ ತೆಗೆದುಕೊಡಿ” ಎಂದು ಕೇಳಬೇಕು. ಹೀಗಾಗಿ ಬಾಯಾರಿಕೆ ಜೋರಾಗುವ ತನಕ ಕುಡಿಯುವುದನ್ನು ಮುಂದೂಡಿ, ಕೊನೆಗೆ ಒಮ್ಮೆಲೇ ಅರ್ಧ ಬಾಟಲಿ ಸುರಿದುಕೊಂಡು, ಹೊಟ್ಟೆ ಕುಲುಕಿಸುತ್ತಾ ಏರು ಹತ್ತುತ್ತೇವೆ. ನಮ್ಮ ಕರಾವಳಿಯವರಿಗೆ ಇದು ಹೆಚ್ಚು ತೊಂದರೆ, ಏಕೆಂದರೆ ಗಾಳಿಯಲ್ಲಿಯೇ ತೇವ ತುಂಬಿರುವ ಕಾರಣ ಬೆವರು ಆರುವುದಿಲ್ಲ, ಆರದ ಬೆವರು ಮೈಯನ್ನು ತಂಪಾಗಿಸುವುದಿಲ್ಲ, ಮೈ ಮತ್ತಷ್ಟು ಬೆವರು ಸುರಿಸುತ್ತದೆ. ಹತ್ತು ನಿಮಿಷಕ್ಕೊಮ್ಮೆ ಎರಡು ಗುಟುಕು ಎಂಬ ಕ್ರಮ ನಳಿಕೆ ಇದ್ದರೆ ತಾನಾಗಿ ಬರುತ್ತದೆ. ಬ್ಲ್ಯಾಡರ್ ಹೊರುವುದರಿಂದ ಆಗುವ ನಿಜವಾದ ಲಾಭ ಇದೊಂದೇ ಎಂಬುದು ನನ್ನ ತೀರ್ಮಾನ. ಅದು ಹೆಚ್ಚು ನೀರು ಹೊರಿಸುವುದಿಲ್ಲ, ಹಗುರವೂ ಮಾಡುವುದಿಲ್ಲ. ಎಲ್ಲಿ ತುಂಬಿದರೂ ಲೀಟರಿಗೆ ಒಂದು ಕಿಲೋವೇ.

ಸದ್ದಿನ ವಿಷಯವನ್ನು ನನಗೆ ಕಲಿಸಿದ್ದು ಸಿಂಗಳೀಕಗಳು. ಸೋಮೇಶ್ವರದ ಕಡೆ ಒಂದು ಬೆಳಿಗ್ಗೆ, ಮರದ ಮೇಲೆ ಹಣ್ಣು ತಿನ್ನುತ್ತಿದ್ದ ಒಂದು ಗುಂಪಿನ ಅಡಿಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದೆ. ಕ್ಯಾಮೆರಾ ಎತ್ತಲೆಂದು ಭುಜ ತಿರುಗಿಸಿದೊಡನೆ ಬೆನ್ನ ಮೇಲೆ ‘ಗುಳುಂ’ ಎಂದಿತು; ಗಂಡು ನನ್ನತ್ತ ನೋಡಿತು, ಮತ್ತೊಂದು ಗಳಿಗೆಯಲ್ಲಿ ಕೊಂಬೆಗಳು ಅಲುಗುವುದಷ್ಟೇ ಉಳಿಯಿತು. ಇದನ್ನು ಭಾವನಿಗೆ ಹೇಳಿದಾಗ, ಬೇಟೆಯವರು ಮೊದಲು ಕಲಿಯುವ ಪಾಠವೇ ಅದೆಂದು ತಿಳಿಸಿ ಪರಿಹಾರವನ್ನೂ ಹೇಳಿದರು. ನೀರು ಕುಲುಕುವುದು ಸಂಚಿಯೊಳಗೆ ಗಾಳಿ ಇದ್ದರೆ ಮಾತ್ರ. ಆದ್ದರಿಂದ ತುಂಬಿಸಿ ಬಾಯಿ ಮುಚ್ಚಿದ ಮೇಲೆ ಸಂಚಿಯನ್ನು ತಲೆಕೆಳಗಾಗಿ ಹಿಡಿದರೆ ಗಾಳಿಯು ಈಗ ಮೇಲಾದ ತಳಕ್ಕೆ, ಅಂದರೆ ನಳಿಕೆ ಸೇರುವಲ್ಲಿಗೆ, ಏರುತ್ತದೆ. ಆಗ ವಾಲ್ವನ್ನು ಕಚ್ಚಿ, ನೀರು ಬಾಯಿಗೆ ಬರುವ ತನಕ ಆ ಗಾಳಿಯನ್ನು ಹೀರಿ ತೆಗೆಯಬೇಕು. ಬಾಟಲಿಯಿಂದ ನೀರು ಹೋದಷ್ಟೂ ಆ ಜಾಗಕ್ಕೆ ಗಾಳಿ ಬರಲೇಬೇಕು. ಬ್ಲ್ಯಾಡರ್ ಹಾಗಲ್ಲ, ಕುಡಿದಷ್ಟೂ ಸಂಚಿಯ ಗೋಡೆಗಳು ಒಂದಕ್ಕೊಂದು ಅಂಟುತ್ತಾ ಬರುತ್ತವೆ. ಒಮ್ಮೆ ಗಾಳಿ ತೆಗೆದರೆ ಕೊನೆಯ ಗುಟುಕಿನವರೆಗೂ ಅದು ಮೌನಿ. ಬೇಟೆಯ ಚೀಲದ ಹೊರಬಟ್ಟೆಯೂ ಸಾಮಾನ್ಯ ನೈಲಾನಿನ ಹಾಗೆ ಸರಸರ ಎನ್ನದೆ, ಮೃದುವಾದ ಜುಂಗಿನದಾಗಿರುವುದು ಇದೇ ಕಾರಣಕ್ಕೆ. ಆ ಜುಂಗಿಗೆ ಕಾಡಿನ ಅಂಟುಬೀಜಗಳೆಲ್ಲ ಅಂಟಿಕೊಳ್ಳುತ್ತವೆ, ಅದು ಬೇರೆ ಮಾತು.

ಹೀಗೆ ನೋಡುತ್ತಾ ಹೋದರೆ ಆ ಚೀಲದ ಪ್ರತಿಯೊಂದು ಹೊಲಿಗೆಗೂ ಬೇಟೆಯಲ್ಲಿ ಒಂದು ಕಾರಣ ಇದ್ದೇ ಇದೆ. ನಳಿಕೆಯನ್ನು ಎಡಭುಜದ ಮೇಲಿಂದ ತರುವುದೇಕೆಂದರೆ, ಬಲಗೈಯವರು ಕೋವಿಯ ಹಿಂಬುಡವನ್ನು ಬಲಭುಜಕ್ಕೆ ಒತ್ತಿ ಹಿಡಿಯುತ್ತಾರೆ. ಅಲ್ಲಿ ನಳಿಕೆ ಇದ್ದರೆ ಅಡ್ಡಿ. ಬಿಲ್ಲಿನಿಂದ ಬೇಟೆಯಾಡುವವರಿಗೆ ಇಳಿಬಿದ್ದ ನಳಿಕೆಯು ಹೆದೆಗೆ ಸಿಕ್ಕಿಕೊಳ್ಳುವ ಭಯವೂ ಇರುತ್ತದೆ. ನನ್ನ ಬಲಭುಜದಲ್ಲಿ ತೂಗುವುದು ಕ್ಯಾಮೆರಾ, ಆದರೂ ಲೆಕ್ಕ ಅದೇ. ಎದೆಪಟ್ಟಿಗೆ ನಳಿಕೆಯನ್ನು ಹಿಡಿದಿಡಲು ಕೆಲವು ಬ್ಲ್ಯಾಡರುಗಳೊಡನೆ ಅಯಸ್ಕಾಂತದ ಕ್ಲಿಪ್ಪು ಬರುತ್ತದೆ. ದಿಕ್ಸೂಚಿಯನ್ನು ಎದೆಯ ಹತ್ತಿರ ಹಿಡಿದು ನೋಡುವವರು ಅದನ್ನು ಬಳಸದಿರುವುದು ಒಳ್ಳೆಯದು, ಮುಳ್ಳು ಅತ್ತ ತಿರುಗಿಬಿಡುತ್ತದೆ. ನನ್ನದಕ್ಕೆ ಅಂಗಿ ಒಣಹಾಕುವ ಕ್ಲಿಪ್ಪು ಸಾಕಾಗಿದೆ. ವಾಲ್ವಿನ ತುದಿಗೆ ಒಂದು ಮುಚ್ಚಳವೂ ಇದೆ. ಕೊಯ್ದ ಮಾಂಸದ ರಕ್ತ, ನೆಲದ ಮಣ್ಣು ಬಾಯಿಗೆ ಹೋಗುವ ತುದಿಗೆ ತಾಗಬಾರದೆಂದು ಮಾಡಿದ್ದಂತೆ. ನನಗೆ ಅದು ಉಂಬಳಗಳಿಂದ, ಅಂದರೆ ನೆಲದ ಜಿಗಣೆಗಳಿಂದ, ರಕ್ಷಣೆ. ಮಳೆಗಾಲದ ಕೊನೆಯಲ್ಲಿ ಆಗುಂಬೆಯ ಕಾಡಿನ ನೆಲದ ಮೇಲೆ ಚೀಲವನ್ನು ಐದು ನಿಮಿಷ ಇಟ್ಟು ಎತ್ತಿಕೊಂಡವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ಚೌಕಟ್ಟಿಗೂ ಚೀಲಕ್ಕೂ ನಡುವೆ ಮಾಂಸ ಹೇರುವ ಜಾಗವೊಂದನ್ನು ಬಿಟ್ಟಿದ್ದಾರೆ. ಎಲ್ಕಿನ ಒಂದು ಹಿಂದೊಡೆಯೇ 30 ಕಿಲೋ ಸುಮಾರಿಗೆ ಬರುವುದರಿಂದ, ಅದನ್ನು ಹೇರಿ ಪಟ್ಟಿಗಳನ್ನು ಬಿಗಿದಾಗ ಒಳಗಿನ ಬ್ಲ್ಯಾಡರ್ ಹಿಂಡಿದಂತಾಗಿ, ಬೀಗ ಹಾಕದ ವಾಲ್ವಿನಿಂದ ನೀರು ಚಿಮ್ಮುವುದುಂಟಂತೆ. ನಾನು ಆ ಜಾಗದಲ್ಲಿ ಇಡುವುದು ಮಡಚಿದ ಚಾಪೆಯನ್ನು. ಆದರೂ ಇದರಿಂದ ಒಂದು ಕ್ರಮ ಕಲಿತೆ: ಚೀಲಕ್ಕೆ ಉಳಿದ ಸಾಮಾನನ್ನೆಲ್ಲ ತುರುಕಿದ ಮೇಲೆ ತುಂಬಿದ ಬ್ಲ್ಯಾಡರನ್ನು ಒಳಗೆ ನುಗ್ಗಿಸಲು ಹೋಗಬಾರದು, ಮೊದಲು ಅದನ್ನು ಕೊಕ್ಕೆಗೆ ತೂಗಿಸಿ ಅನಂತರ ಉಳಿದದ್ದನ್ನು ತುಂಬಬೇಕು. ಕೊಕ್ಕೆಗೆ ಹಾಕದಿದ್ದರೆ ಸಂಚಿ ಕುಸಿದು ತಳದಲ್ಲಿ ಮಡಚಿಕೊಂಡು, ನೀರಿದ್ದರೂ ನಳಿಕೆಗೆ ಬರುವುದಿಲ್ಲ. ಮೇಲಾಗಿ ಎರಡು ಕಿಲೋ ಭಾರ ಬೆನ್ನಿನ ಕೆಳಗೆ ಜೋಲುತ್ತದೆ. ನಳಿಕೆಯ ಸುತ್ತ ಒಂದು ದಪ್ಪ ರಬ್ಬರ್ ಹೊದಿಕೆಯನ್ನೂ ಭಾವ ಕೊಟ್ಟಿದ್ದರು. ಕೊಲೊರಾಡೊದ ನವೆಂಬರಿನಲ್ಲಿ ಸಂಚಿಯ ನೀರು ಬೆನ್ನಿನ ಬಿಸಿಗೆ ದ್ರವವಾಗಿಯೇ ಉಳಿದರೂ ನಳಿಕೆಯ ನೀರು ಹೆಪ್ಪುಗಟ್ಟುತ್ತದೆ. ಅದಕ್ಕಾಗಿ ಹೊದಿಕೆ, ಮತ್ತು ಅದಕ್ಕಾಗಿಯೇ ಕುಡಿದ ಮೇಲೆ ನಳಿಕೆಗೆ ಒಮ್ಮೆ ಊದಿ ಅದರೊಳಗಿನ ನೀರನ್ನು ಸಂಚಿಗೆ ಹಿಂದೆ ತಳ್ಳುವ ಅಭ್ಯಾಸ. ಮಾರ್ಚಿನ ಬಿಸಿಲಿನಲ್ಲಿ ನಮ್ಮಲ್ಲಿ ಮೊದಲ ಗುಟುಕು ಬಚ್ಚಲ ಹಂಡೆಯ ನೀರಿನಷ್ಟು ಬಿಸಿ. ಅಲ್ಲಿನ ಹಿಮಕ್ಕೆ ಮಾಡಿದ ಉಪಾಯ ಇಲ್ಲಿನ ಬಿಸಿಲಿಗೂ ಹಾಗೆಯೇ ಹೊಂದಿತು. ಊದುವಾಗ ಸಂಚಿಗೆ ಸ್ವಲ್ಪ ಗಾಳಿ ಸೇರಿ ಮತ್ತೆ ಕುಲುಕಲು ತೊಡಗುತ್ತದೆ ಎಂಬುದು ನಿಜ. ಆದ್ದರಿಂದ ಹಕ್ಕಿ ನೋಡುವ ದಿನ ಬಿಸಿ ನೀರೇ ಕುಡಿಯುತ್ತೇನೆ.

ಇನ್ನು ಬ್ಲ್ಯಾಡರಿನ ದೊಡ್ಡ ಮೋಸಕ್ಕೆ ಬರುತ್ತೇನೆ. ಒಂದು ಫೆಬ್ರವರಿಯಲ್ಲಿ ಮಂಗಳೂರಿನ ಇಬ್ಬರು ಗೆಳೆಯರೊಡನೆ ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರಪರ್ವತಕ್ಕೆ ಹೊರಟಿದ್ದೆವು. ಗಿರಿಗದ್ದೆಯ ಭಟ್ಟರ ಮನೆಯವರೆಗೆ ಕಾಡಿನ ನೆರಳಿನ ಏರು. ಅಲ್ಲಿಂದ ಮುಂದೆ ಕಲ್ಲುಮಂಟಪದವರೆಗೂ, ಅದರಾಚೆ ಶೇಷಪರ್ವತದವರೆಗೂ ಬೋಳು ಹುಲ್ಲುಗುಡ್ಡ, ತಲೆಯ ಮೇಲೆ ಸೂರ್ಯ. ಬೆಳಿಗ್ಗೆ ಗಿರಿಗದ್ದೆಯಲ್ಲಿ ಎರಡು ಲೀಟರ್ ಭರ್ತಿ ಮಾಡಿಕೊಂಡಿದ್ದೆ. ಗೆಳೆಯರು ಬಾಟಲಿ ಎತ್ತಿ ನೋಡಿ, “ಇಷ್ಟು ಉಳಿದಿದೆ, ಸಾಕು” ಎಂದು ಲೆಕ್ಕ ಹಾಕುತ್ತಾ ಬರುತ್ತಿದ್ದರೆ ನಾನು ನಳಿಕೆ ಚೀಪುತ್ತಾ ಅವರಿಗೆ ಈ ಸಾಧನದ ಗುಣಗಾನ ಮಾಡುತ್ತಿದ್ದೆ. ಶೇಷಪರ್ವತದ ನೆತ್ತಿಯಲ್ಲಿ ನಿಂತು ಹೀರಿದಾಗ ‘ಸೊರ್’ ಎಂದು ಗಾಳಿ ಬಂತು. ಸಂಚಿಯೆಲ್ಲೋ ಮಡಚಿರಬೇಕೆಂದು ಚೀಲ ಇಳಿಸಿ, ಸಾಮಾನು ಹೊರಗೆಳೆದು ನೋಡಿದರೆ, ಅದು ಎರಡು ಬದಿಯೂ ಅಂಟಿಕೊಂಡು, ಮಡಚಿಟ್ಟ ಹಾಲಿನ ಕವರಿನಂತೆ ಚಪ್ಪಟೆಯಾಗಿತ್ತು. ಎದುರಿಗೆ ಇನ್ನೂ ಒಂದು ಇಳಿತ, ಶೋಲಾ ಕಾಡಿನ ಒಂದು ಪಟ್ಟಿ, ಬಂಡೆಯ ಮೇಲೊಂದು ಏರು, ಆ ಮೇಲೆ 1,712 ಮೀಟರಿನ ತುದಿ. ಅಲ್ಲಿಂದ ಬಂದ ದಾರಿಯನ್ನೆಲ್ಲ ಮರಳಿ ನಡೆಯಬೇಕು. ಗೆಳೆಯರ ಬಾಟಲಿಗಳಿಂದ ಮುಚ್ಚಳದಲ್ಲಿ ಅಳೆದು ಹಂಚಿಕೊಂಡೆವು. ತುದಿಯನ್ನು ಮುಟ್ಟಿದೆವಾದರೂ ಇಳಿಯುವಾಗ ನನಗೆ ತಲೆ ಸಿಡಿಯುತ್ತಿತ್ತು. ಕಲ್ಲುಮಂಟಪದ ಹತ್ತಿರದ ತೊರೆಯಲ್ಲಿ ಎಲೆಯನ್ನು ದೋಣಿ ಮಾಡಿ ಹನಿ ಹನಿಯಾಗಿ ಬಾಟಲಿ ತುಂಬಿಸಲು ಅರ್ಧ ಗಂಟೆ ಹಿಡಿಯಿತು. ಆ ನೀರನ್ನು ಬ್ಲ್ಯಾಡರಿಗೆ ತುಂಬುವುದು ಸಾಧ್ಯವಿರಲಿಲ್ಲ ಎಂಬುದನ್ನೂ ಗಮನಿಸಬೇಕು: ಮೆತ್ತನೆಯ ಸಂಚಿ ಹನಿಯುವ ನೀರಿಗೆ ಬಾಯಿ ತೆರೆದು ನಿಲ್ಲುವುದಿಲ್ಲ.

ಮನೆಗೆ ಬಂದು ಅಡುಗೆಮನೆಯ ಅಳತೆಯ ಲೋಟಕ್ಕೆ ನಳಿಕೆಯಿಂದ ಹೀರಿ ಹೀರಿ ಉಗಿದು ನೋಡಿದೆ. ನನ್ನ ಒಂದು ಗುಟುಕು ಸುಮಾರು 30 ಮಿಲಿಲೀಟರ್. ಅಂದರೆ ಎರಡು ಲೀಟರಿಗೆ ಅರವತ್ತೈದು ಗುಟುಕಿನಷ್ಟು, ಅಷ್ಟೇ. ಈಗ ನಡೆಯುವಾಗ ಜಪದ ಹಾಗೆ ಎಣಿಸುತ್ತೇನೆ, ನಲವತ್ತಕ್ಕೆ ಒಮ್ಮೆ ಚೀಲ ಇಳಿಸಿ ಕಣ್ಣಾರೆ ನೋಡುತ್ತೇನೆ. ಮತ್ತು ಪಕ್ಕದ ಕಿಸೆಯಲ್ಲಿ 750 ಮಿಲಿಲೀಟರಿನ ಸ್ಟೀಲ್ ಬಾಟಲಿಯೊಂದು ತುಂಬಿಯೇ ಇರುತ್ತದೆ. ಅದು ಮರಳುವ ದಾರಿಯ ನೀರು. ಏರುವಾಗ ಅದರ ಮುಚ್ಚಳ ತೆರೆಯುವಂತಿಲ್ಲ ಎಂಬ ನಿಯಮವನ್ನು ನನಗೆ ನಾನೇ ಮಾಡಿಕೊಂಡಿದ್ದೇನೆ.

ಕಾರಿನ ಡಿಕ್ಕಿಯಲ್ಲಿ ವಾಲ್ವಿನ ಮೇಲೆ ಇನ್ನೊಬ್ಬರ ಚೀಲ ಕುಳಿತು, ಕಾರ್ಕಳ ದಾಟುವಷ್ಟರಲ್ಲಿ ಎಲ್ಲರ ಬಟ್ಟೆಯೂ ಒದ್ದೆಯಾದ ಕಥೆಯೂ ಇದೆ. ಸಂಚಿಗಿಂತ ನಳಿಕೆಯ ತುದಿ ಕೆಳಗಿದ್ದು ಅದು ಒತ್ತಿಹೋದರೆ ನೀರು ತಾನಾಗಿಯೇ ಇಳಿಯುತ್ತದೆ. ವಾಲ್ವಿನ ಹಿಂದಿನ ಪುಟ್ಟ ಬೀಗವನ್ನು ತಿರುಗಿಸಿದ್ದರೆ ಆ ದಿನ ಬೈಗಳು ತಪ್ಪುತ್ತಿದ್ದವು.

ಆದರೆ ಸೋರುವುದಕ್ಕಿಂತ, ಮುಗಿಯುವುದಕ್ಕಿಂತ, ನಮ್ಮೂರಿನಲ್ಲಿ ಬ್ಲ್ಯಾಡರಿನ ದೊಡ್ಡ ಶತ್ರು ಬೂಷ್ಟು. ಕೊಲೊರಾಡೊದ ಒಣಗಾಳಿಯಲ್ಲಿ ತೊಳೆದು ತೂಗುಹಾಕಿದರೆ ಮರುದಿನಕ್ಕೆ ಒಣಗುವ ವಸ್ತುವು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಉಡುಪಿಯಲ್ಲಿ, ಚರ್ಮದ ಬೆಲ್ಟಿಗೂ ಪುಸ್ತಕದ ರಟ್ಟಿಗೂ ಬೂಷ್ಟು ಹಿಡಿಯುವ ಮನೆಯಲ್ಲಿ, ಒಣಗುವುದೇ ಇಲ್ಲ. ಮೊದಲ ಮಳೆಗಾಲದಲ್ಲೇ ನಳಿಕೆಯೊಳಗೆ ಕರಿಯ ಚುಕ್ಕೆಗಳು ಕಂಡವು. ಅಮ್ಮ ತನ್ನ ಅನುಭವದ ಪ್ರಕಾರ ಅದನ್ನು ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ, ತೆಂಗಿನಕಾಯಿಗಳ ಮಗ್ಗುಲಲ್ಲಿ ತೂಗುಹಾಕಿದರು. ಚೆನ್ನಾಗಿಯೇ ಒಣಗಿತು. ಆದರೆ ಮೆತ್ತನೆಯ ಪ್ಲಾಸ್ಟಿಕ್ ವಾಸನೆಯನ್ನು ಹೀರಿಕೊಳ್ಳುವ ವಿಷಯದಲ್ಲಿ ಬೆಣ್ಣೆಗೆ ಸಮಾನ. ದೀಪಾವಳಿಯವರೆಗೂ ನಾನು ಕುಡಿದ ನೀರಿಗೆಲ್ಲ ಹೊಗೆಯ ರುಚಿಯಿತ್ತು. ಅಡುಗೆ ಸೋಡಾ ಕಲಸಿದ ನೀರನ್ನು ರಾತ್ರಿಯಿಡೀ ತುಂಬಿಟ್ಟು, ಮರುದಿನ ಲಿಂಬೆರಸದ ನೀರಿನಿಂದ ತೊಳೆದು, ಇದನ್ನೇ ಮೂರು ಸಲ ಮಾಡಿದ ಮೇಲೆ ಅದು ಸುಮಾರಾಗಿ ಹೋಯಿತು.

ಈಗಿನ ಕ್ರಮ ಹೀಗಿದೆ. ಮನೆಗೆ ಬಂದ ದಿನವೇ, ಎಷ್ಟೇ ದಣಿವಾಗಿದ್ದರೂ, ಸ್ನಾನಕ್ಕೆ ಮೊದಲು ಅದನ್ನು ತೊಳೆಯುತ್ತೇನೆ. ನಳಿಕೆಯನ್ನು ಬಿಚ್ಚಿ ಅಂಗಳದಲ್ಲಿ ಗಿರಗಿರನೆ ಬೀಸಿ ಹನಿಗಳನ್ನು ಹಾರಿಸುತ್ತೇನೆ. ಮಲ್ಪೆಯಿಂದ ತಂದ ಗಾಳದ ನೈಲಾನ್ ನೂಲಿಗೆ ಹತ್ತಿಬಟ್ಟೆಯ ಒಂದು ಚೂರು ಕಟ್ಟಿ ಅದರೊಳಗಿಂದ ಎಳೆಯುತ್ತೇನೆ. ಸಂಚಿಯ ಬಾಯಿಯೊಳಗೆ ಮರದ ಸೌಟೊಂದನ್ನು ಅಡ್ಡ ಇಟ್ಟು, ಗೋಡೆಗಳು ಅಂಟಿಕೊಳ್ಳದಂತೆ ಮಾಡಿ, ಫ್ಯಾನಿನ ಅಡಿಯಲ್ಲಿ ತಲೆಕೆಳಗಾಗಿ ತೂಗುಹಾಕುತ್ತೇನೆ. ಮಳೆಗಾಲವಾದರೆ ಇದೂ ಸಾಲದು: ನೀರು ಬಸಿದ ಸಂಚಿ ಮತ್ತು ನಳಿಕೆಯನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು ಫ್ರೀಜರಿಗೆ ಸೇರಿಸುತ್ತೇನೆ, ಚಳಿಯಲ್ಲಿ ಬೂಷ್ಟು ಬೆಳೆಯುವುದಿಲ್ಲ. ಡಬ್ಬಿ ಏಕೆಂದರೆ ಅದೇ ಫ್ರೀಜರಿನಲ್ಲಿ ಬಂಗುಡೆಯೂ ಇರುತ್ತದೆ. ಹೊಗೆಯ ರುಚಿಯನ್ನು ಸಹಿಸಿದವನಿಗೂ ಆ ರುಚಿ ಬೇಡ. ಫ್ರೀಜರಿನ ಜಾಗದ ಬಗ್ಗೆ ನಮ್ಮಲ್ಲಿ ನಡೆದ ಮಾತುಕತೆಯನ್ನು ಇಲ್ಲಿ ಬರೆಯುವುದಿಲ್ಲ.

ಬ್ಲ್ಯಾಡರಿಗೆ ನೀರಲ್ಲದೆ ಬೇರೇನನ್ನೂ ಹಾಕಬಾರದೆಂಬುದಕ್ಕೆ ಕಾರಣವೂ ಇದೇ. ಪುನರ್ಪುಳಿಯ ಶರಬತ್ತನ್ನು ಒಮ್ಮೆ ತುಂಬಿಸಿದ್ದೆ. ಅರ್ಬಿಯ, ಅಂದರೆ ಜಲಪಾತದ, ಏರಿನಲ್ಲಿ ಅದು ಅಮೃತದಂತೆ ಇತ್ತು, ಆದರೆ ನಳಿಕೆಯಲ್ಲಿ ಉಳಿದ ಕೆಂಪು ಇಂದಿಗೂ ಪೂರ್ತಿಯಾಗಿ ಹೋಗಿಲ್ಲ, ಮತ್ತು ಸಕ್ಕರೆಯ ಅಂಟು ಇದ್ದಲ್ಲಿ ಬೂಷ್ಟಿಗೆ ಆಮಂತ್ರಣವೇ ಬೇಕಾಗಿಲ್ಲ. ಬೆವರಿನಲ್ಲಿ ಹೋದ ಉಪ್ಪನ್ನು ತುಂಬಿಸಬೇಕಾದ್ದು ನಿಜವೇ. ದಿನವಿಡೀ ಬರಿಯ ನೀರನ್ನೇ ವಿಪರೀತ ಕುಡಿಯುವುದೂ ರಕ್ತದ ಸೋಡಿಯಂ ಇಳಿಸಿ ಅಪಾಯ ತರಬಲ್ಲದು. ಅದಕ್ಕೆ ಓಆರ್‌ಎಸ್‌ನ ಒಂದು ಪೊಟ್ಟಣ ಚೀಲದಲ್ಲಿರಲಿ, ಒಂದು ಲೀಟರಿಗೆ ಕಲಸುವಂಥದ್ದನ್ನು ಒಂದು ಲೀಟರಿಗೇ ಕಲಸಿ ಬೇರೆ ಬಾಟಲಿಯಿಂದ ಕುಡಿಯಬೇಕು. ನಾನಂತೂ ಹೊರಡುವ ಮುಂಚೆ ಉಪ್ಪು ಹಾಕಿದ ಗಂಜಿತಿಳಿಯನ್ನು ಎರಡು ಲೋಟ ಕುಡಿದು, ಬುತ್ತಿಗೆ ಮಾವಿನ ಮಿಡಿಯ ಉಪ್ಪಿನಕಾಯಿ ಕಟ್ಟಿಕೊಳ್ಳುತ್ತೇನೆ.

ಕಳೆದ ತಿಂಗಳು ಭಾವ ಫೋನ್ ಮಾಡಿದ್ದರು. ಕುದುರೆಮುಖದ ಚಾರಣಕ್ಕೆ ನಾನು ಬ್ಲ್ಯಾಡರ್ ಸಿದ್ಧಮಾಡುತ್ತಿದ್ದುದನ್ನೂ, ನಳಿಕೆ ಎದೆಯ ಮೇಲೆ ಜೋಲದಂತೆ ನಾಲ್ಕು ಬೆರಳಿನಷ್ಟು ಕತ್ತರಿಸಿ ಗಿಡ್ಡ ಮಾಡಿದ್ದನ್ನೂ ವಿವರವಾಗಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನೀಗ ಅದನ್ನು ಒಯ್ಯುವುದಿಲ್ಲ. ಎಷ್ಟು ಊದಿದರೂ ನಳಿಕೆ ಹೆಪ್ಪುಗಟ್ಟುತ್ತದೆ. ಎರಡು ಬಾಟಲಿ ಹಿಡಿದುಕೊಂಡು ಹೋಗುತ್ತೇನೆ” ಎಂದರು. ಅವರ ಮೂರು ಲೀಟರಿನ ಬ್ಲ್ಯಾಡರ್ ಮುಂದಿನ ಸಲ ಅಕ್ಕ ಬರುವಾಗ ಅವಳ ಸೂಟ್‌ಕೇಸಿನಲ್ಲಿ ಬರುತ್ತದಂತೆ. ಅದಕ್ಕೆ ಫ್ರೀಜರಿನಲ್ಲಿ ಜಾಗ ಎಲ್ಲಿಂದ ತರುವುದೆಂದು ಹೆಂಡತಿ ಈಗಲೇ ಕೇಳಿದ್ದಾಳೆ.